ತೋಟಕ್ಕೊಂದು ಬೆಟ್ಟ: ಮಲೆನಾಡಿನ ಅಡಿಕೆ ಸೀಮೆಯ ಸೊಪ್ಪಿನ ಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮತ್ತು ಅವಕ್ಕೆ ತಾಗಿಕೊಂಡಿರುವ ಸಾಗರ, ಸೊರಬದ ಸೀಮೆಯಲ್ಲಿ ಅಡಿಕೆ ತೋಟವೆಂಬುದು ಎಂದೂ ಒಂಟಿಯಾಗಿ ಇದ್ದುದಿಲ್ಲ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ತೋಟ, ಅದರ ಅಂಚಿನಲ್ಲಿ ಮನೆ ಮತ್ತು ಕೊಟ್ಟಿಗೆ, ಮನೆಯ ಹಿತ್ತಿಲಿನಿಂದಲೇ ಏರುವ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಅದರಾಚೆಗೆ ಹುಲ್ಲು ಬೆಳೆಯುವ ಬೇಣ, ಹಳ್ಳ ಹುಟ್ಟುವ ತಲೆಯಲ್ಲಿ ನಿತ್ಯಹಸಿರಿನ ಕಾನು, ಇವೆಲ್ಲವೂ ಕೂಡಿದಾಗಲೇ ಅಲ್ಲಿಯ ಬೇಸಾಯ ಪೂರ್ಣವಾಗುತ್ತಿತ್ತು. ಕಂದಾಯದ ದಫ್ತರಗಳು ತೋಟವನ್ನು ಎಕರೆ ಗುಂಟೆಗಳಲ್ಲಿ ಅಳೆದು, ಗಡಿಕಲ್ಲು ನೆಟ್ಟು, ಅದಕ್ಕೊಂದು ಸಂಖ್ಯೆ ಕೊಟ್ಟು ಬರೆದಿಟ್ಟುಕೊಂಡಿದ್ದರೂ ಆ ತೋಟವು ತನ್ನ ಸತ್ವವನ್ನು ತನಗಿಂತ ಹಲವು ಪಟ್ಟು ದೊಡ್ಡದಾದ ನೆಲದಿಂದ ಪಡೆಯುತ್ತಿತ್ತು. ಆದ್ದರಿಂದ ಸೊಪ್ಪಿನ ಬೆಟ್ಟದ ಚರಿತ್ರೆಯೆಂದರೆ ಬೆಟ್ಟದಿಂದ ಎಷ್ಟು ತೆಗೆಯಬಹುದು, ಯಾವ ಕಾಲದಲ್ಲಿ ತೆಗೆಯಬಹುದು, ಯಾರು ತೆಗೆಯಬಹುದು ಎಂಬ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದ ಜನರೂ ಸರ್ಕಾರಗಳೂ ಕೊಟ್ಟುಕೊಂಡ ಉತ್ತರಗಳ ಚರಿತ್ರೆ.

ಈ ವ್ಯವಸ್ಥೆ ಏಕೆ ಹುಟ್ಟಿತೆಂಬುದು ಅಲ್ಲಿಯ ಮಳೆ ಮತ್ತು ಮಣ್ಣನ್ನು ನೋಡದೆ ತಿಳಿಯುವುದಿಲ್ಲ. ವರ್ಷದ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಲಕ್ಷಾಂತರ ವರ್ಷಗಳಿಂದ ಹೀಗೆ ಸುರಿದ ನೀರು ಕಲ್ಲನ್ನು ಕರಗಿಸಿ, ಅದರೊಳಗಿನ ಸುಣ್ಣ, ಪೊಟ್ಯಾಷ್, ಮೆಗ್ನೀಷಿಯಂಗಳನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳನ್ನು ಮಾತ್ರ ಹಿಂದೆ ಬಿಟ್ಟಿದೆ. ಹೀಗೆ ಉಳಿದ ಕೆಂಪು ಮಣ್ಣು ಮತ್ತು ಜಂಬಿಟ್ಟಿಗೆಯ ನೆಲ ನೋಡಲು ಆಳವಾಗಿದ್ದರೂ ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಲ್ಲಿ ಬಡವಾಗಿರುತ್ತದೆ, ಇದ್ದ ಅಲ್ಪಸ್ವಲ್ಪ ರಂಜಕವೂ ಕಬ್ಬಿಣದೊಂದಿಗೆ ಬಿಗಿಯಾಗಿ ಸೇರಿಕೊಂಡು ಬೇರಿಗೆ ಸುಲಭವಾಗಿ ಸಿಗದೆ ಹೋಗುತ್ತದೆ. ಇಂಥ ನೆಲದ ಮೇಲೂ ನೂರಡಿ ಎತ್ತರದ ಕಾಡು ನಿಂತಿರುವುದಕ್ಕೆ ಕಾರಣವೆಂದರೆ, ಅಲ್ಲಿ ಸಂಪತ್ತಿನ ದೊಡ್ಡ ಪಾಲು ಮಣ್ಣಿನ ಆಳದಲ್ಲಿರದೆ ಮರಗಳ ಮೈಯಲ್ಲಿಯೂ ನೆಲದ ಮೇಲಿನ ತೆಳುವಾದ ಎಲೆಗೊಬ್ಬರದ ಪದರದಲ್ಲಿಯೂ ಇರುತ್ತದೆ. ಉದುರಿದ ಎಲೆಯನ್ನು ಗೆದ್ದಲು, ಸಹಸ್ರಪದಿ, ಎರೆಹುಳು, ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಬಿಡಿಸಿ ಮಣ್ಣಿಗೆ ಸೇರಿಸುತ್ತಿದ್ದಂತೆಯೇ, ಮೇಲ್ಪದರದಲ್ಲಿ ಹರಡಿಕೊಂಡ ಬೇರುಗಳೂ ಅವುಗಳೊಂದಿಗೆ ಬಾಳುವ ಶಿಲೀಂಧ್ರದ ಎಳೆಗಳೂ ಅದನ್ನು ಮಳೆನೀರು ಒಯ್ಯುವ ಮೊದಲೇ ಹೀರಿ ಮತ್ತೆ ಎಲೆಗೆ ಏರಿಸುತ್ತವೆ.

ಜೀವಿಗಳನ್ನೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿ, ಬಿಸಿಲನ್ನೂ ಬೇರೆಬೇರೆಯಾಗಿ ನೋಡದೆ ಒಂದೇ ವ್ಯವಸ್ಥೆಯ ಅಂಗಗಳಾಗಿ ನೋಡುವ ಪರಿಕಲ್ಪನೆಗೆ ಪರಿಸರ ವ್ಯವಸ್ಥೆ ಎಂದು ಹೆಸರು. ಇದನ್ನು 1935ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲಿ ಮೊದಲು ಮಂಡಿಸಿದನು. ಏಳು ವರ್ಷಗಳ ತರುವಾಯ, 1942ರಲ್ಲಿ, ಅಮೆರಿಕದ ತರುಣ ವಿಜ್ಞಾನಿ ರೇಮಂಡ್ ಲಿಂಡೆಮನ್ ಮಿನ್ನೆಸೋಟದ ಒಂದು ಚಿಕ್ಕ ಸರೋವರವನ್ನು ಆಧರಿಸಿ ಬರೆದ ಪ್ರಬಂಧವು, ಸೂರ್ಯನ ಶಕ್ತಿ ಹಸಿರು ಸಸ್ಯಕ್ಕೆ, ಅಲ್ಲಿಂದ ಅದನ್ನು ತಿನ್ನುವ ಪ್ರಾಣಿಗೆ, ಅಲ್ಲಿಂದ ಆ ಪ್ರಾಣಿಯನ್ನು ತಿನ್ನುವ ಇನ್ನೊಂದಕ್ಕೆ ಸಾಗುವಾಗ ಪ್ರತಿ ಹಂತದಲ್ಲಿಯೂ ಬಹುಪಾಲು ಶಾಖವಾಗಿ ಕಳೆದುಹೋಗುತ್ತದೆ ಎಂಬುದನ್ನು ಲೆಕ್ಕವಿಟ್ಟು ತೋರಿಸಿತು. ಪ್ರಬಂಧ ಅಚ್ಚಾಗುವ ಮೊದಲೇ ಲಿಂಡೆಮನ್ ತೀರಿಕೊಂಡಿದ್ದನು. ಇವರಿಬ್ಬರ ಕಾಣ್ಕೆಯಿಂದ ದೊರೆಯುವ ಮುಖ್ಯ ಭೇದವೊಂದು ಸೊಪ್ಪಿನ ಬೆಟ್ಟವನ್ನು ಅರಿಯಲು ಬಹಳ ಉಪಯುಕ್ತವಾಗಿದೆ. ಶಕ್ತಿಯು ಪರಿಸರ ವ್ಯವಸ್ಥೆಯ ಮೂಲಕ ಒಂದೇ ದಿಕ್ಕಿನಲ್ಲಿ ಹರಿದು ಹೋಗುತ್ತದೆ, ದಿನದಿನವೂ ಬಿಸಿಲಿನಿಂದ ಹೊಸದಾಗಿ ಬರುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ ಮುಂತಾದ ಪೋಷಕಾಂಶಗಳಾದರೋ ಅದೇ ನೆಲದಲ್ಲಿ ಸುತ್ತುತ್ತಿರಬೇಕು, ಒಮ್ಮೆ ಹೊರಗೆ ಹೋದರೆ ಅವು ಹಿಂದಿರುಗುವುದು ಬಹಳ ನಿಧಾನ. ಬೆಟ್ಟದ ಮರಕ್ಕೆ ಸೊಪ್ಪು ಕಡಿದ ಮೇಲೆ ಮತ್ತೆ ಚಿಗುರಲು ಬೇಕಾದ ಬಿಸಿಲು ಎಂದೂ ಕಡಿಮೆಯಾಗದು, ಕಡಿಮೆಯಾಗುವುದು ಆ ಚಿಗುರಿಗೆ ಬೇಕಾದ ನೆಲದ ಸಾರ.

ಮಲೆನಾಡಿನ ತೋಟಿಗರು ಈ ಸುತ್ತಾಟವನ್ನು ಇಳಿಜಾರಿನ ಗುಂಟ ಕೆಳಮುಖವಾಗಿ ತಿರುಗಿಸಿಕೊಂಡರು. ಮತ್ತಿ, ಕಿಂದಳ, ನಂದಿ, ಹೊನ್ನೆ, ಜಂಬೆ, ಕವಲು, ಸಳ್ಳೆ, ನೇರಳೆ ಮೊದಲಾದ ಮರಗಳಿದ್ದ ಬೆಟ್ಟದಿಂದ ಮಳೆಗಾಲದಲ್ಲಿ ಹಸಿಸೊಪ್ಪನ್ನು ಸವರಿ ತಂದು, ಬೇಸಗೆಯಲ್ಲಿ ಉದುರಿದ ದರಕನ್ನು, ಅಂದರೆ ಒಣಗಿದ ಎಲೆಯನ್ನು, ಗುಡಿಸಿ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತಿದ್ದರು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ; ಅದನ್ನು ಹಾಗೆಯೇ ಮಣ್ಣಿಗೆ ಹಾಕಿದರೆ ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುವುದರಿಂದ ಬೆಳೆಗೆ ತಾತ್ಕಾಲಿಕವಾಗಿ ಕೊರತೆಯಾಗುತ್ತದೆ. ದನದ ಗಂಜಲ ಮತ್ತು ಸಗಣಿಯಲ್ಲಿ ನೆನೆದ ಸೊಪ್ಪಿಗೆ ಈ ದೋಷವಿರುವುದಿಲ್ಲ, ಗುಂಡಿಯಲ್ಲಿ ತಿಂಗಳುಗಟ್ಟಲೆ ಕಳಿತು ಅದು ತೋಟಕ್ಕೆ ಹೋಗುವ ಹೊತ್ತಿಗೆ ಬೇರಿಗೆ ಒದಗುವ ರೂಪ ತಳೆದಿರುತ್ತದೆ. ಇಲ್ಲಿ ದನದ ಪಾತ್ರವನ್ನು ಹಾಲಿನಿಂದ ಅಳೆಯುವುದು ಸರಿಯಲ್ಲ. ಮಲೆನಾಡು ಗಿಡ್ಡವೆಂಬ ಸಣ್ಣ ಮೈಕಟ್ಟಿನ ತಳಿ ಕೊಡುತ್ತಿದ್ದ ಹಾಲು ಅಲ್ಪವೇ ಆದರೂ, ಅದು ಹಗಲೆಲ್ಲ ಬೇಣದಲ್ಲಿಯೂ ಕಾಡಿನಂಚಿನಲ್ಲಿಯೂ ಮೇಯ್ದು ಸಂಜೆ ಕೊಟ್ಟಿಗೆಗೆ ಮರಳುವಾಗ, ಸೊಪ್ಪಿನ ಬೆಟ್ಟಕ್ಕಿಂತಲೂ ದೂರದ ನೆಲದ ಸಾರವನ್ನು ತನ್ನ ಹೊಟ್ಟೆಯಲ್ಲಿ ಮನೆಯ ಬಾಗಿಲಿಗೆ ಹೊತ್ತು ತರುತ್ತಿತ್ತು.

ಗೊಬ್ಬರದ ಜೊತೆಗೆ ಕೆಲವು ವರ್ಷಗಳಿಗೊಮ್ಮೆ ಗುಡ್ಡದ ಬುಡದಿಂದ ಹೊಸ ಮಣ್ಣನ್ನು ಅಗೆದು ತೋಟಕ್ಕೆ ಹೊದಿಸುತ್ತಿದ್ದರು, ಮಳೆಗಾಲದ ಹೆಚ್ಚಿನ ನೀರು ಬೇರನ್ನು ಕೊಳೆಸದಂತೆ ಸಾಲುಗಳ ನಡುವೆ ಬಸಿಗಾಲುವೆ ತೆಗೆಯುತ್ತಿದ್ದರು. ತೋಟದೊಳಗೆ ಎತ್ತರದಲ್ಲಿ ಅಡಿಕೆಯ ತಲೆ, ಅದರ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವಿನ ನೆರಳಿನಲ್ಲಿ ಬಾಳೆ, ತೇವವಿದ್ದಲ್ಲಿ ಏಲಕ್ಕಿ ಹೀಗೆ ಬಿಸಿಲನ್ನು ಅಂತಸ್ತು ಅಂತಸ್ತಾಗಿ ಹಂಚಿಕೊಳ್ಳುವ ಏರ್ಪಾಡಿತ್ತು. ಇದು ಪಕ್ಕದ ಕಾನಿನ ರಚನೆಗೆ ಹತ್ತಿರವಾದದ್ದು, ಮೆಣಸು ಆ ಕಾನುಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಬಳ್ಳಿಯೇ ಆಗಿತ್ತು. ಬಿದ್ದ ಸೋಗೆ, ಹಾಳೆ, ಬಾಳೆಯ ದಿಂಡು ಎಲ್ಲವೂ ತೋಟದಲ್ಲಿಯೇ ಕೊಳೆಯುತ್ತಿದ್ದುದರಿಂದ, ಸುಲಿದು ಮಾರುವ ಅಡಿಕೆ ಮತ್ತು ಮೆಣಸಿನ ಕಾಳಿನೊಡನೆ ಊರು ಬಿಟ್ಟು ಹೋಗುತ್ತಿದ್ದ ಪೋಷಕಾಂಶ ಒಟ್ಟು ಸುತ್ತಾಟದಲ್ಲಿ ಸಣ್ಣ ಪಾಲು. ತೋಟ ತಲೆಮಾರುಗಟ್ಟಲೆ ಬಾಳಿದ್ದರ ಗುಟ್ಟಿನಲ್ಲಿ ಒಂದು ಭಾಗ ಇದೇ. ಆದರೆ ಸುರಿಯುವ ಮಳೆ ತೋಟದಿಂದಲೂ ಸಾರವನ್ನು ತೊಳೆದೊಯ್ಯುತ್ತಿದ್ದ ಕಾರಣ, ಆ ನಷ್ಟವನ್ನು ತುಂಬಿಕೊಡುವ ಹೊಣೆ ಮಾತ್ರ ಎಂದಿಗೂ ಬೆಟ್ಟದ ಮೇಲೆಯೇ ಉಳಿಯಿತು.

ಈ ತೋಟಗಳು ಹಳೆಯವು. ಘಟ್ಟದ ಮೆಣಸು ಕರಾವಳಿಯ ಬಂದರುಗಳ ಮೂಲಕ ಹೊರದೇಶಕ್ಕೆ ಹೋಗುತ್ತಿದ್ದುದು ಎಷ್ಟು ಹೆಸರಾಗಿತ್ತೆಂದರೆ, ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಟಿಪ್ಪುವಿನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800-01ರಲ್ಲಿ ಮೈಸೂರು, ಮಲಬಾರ್, ಕೆನರಾಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಶಿರಸಿ ಬಳಿಯ ಸೋದೆ ಸೀಮೆಯ ಹವ್ಯಕ ಬ್ರಾಹ್ಮಣರ ತೋಟಗಳಲ್ಲಿ ಅಡಿಕೆ, ಮೆಣಸು, ಏಲಕ್ಕಿ, ವೀಳ್ಯದೆಲೆಗಳು ಒಟ್ಟಾಗಿ ಬೆಳೆಯುವ ಬಗೆಯನ್ನು ದಾಖಲಿಸಿದ್ದಾನೆ. ಜಂಬಿಟ್ಟಿಗೆಗೆ ಲ್ಯಾಟರೈಟ್ ಎಂಬ ವೈಜ್ಞಾನಿಕ ಹೆಸರನ್ನು ಕೊಟ್ಟವನೂ ಅವನೇ. ಅವನ ಇನ್ನೊಂದು ಬರಹ ಇಲ್ಲಿ ಹೆಚ್ಚು ಪ್ರಸ್ತುತವಾದುದು: ಕೆನರಾದ ಕರಾವಳಿಯಲ್ಲಿ ಕಾಡುಗಳು ಆಯಾ ಊರಿನ ದೇವರ ಸ್ವತ್ತೆಂದೂ, ಗ್ರಾಮದೇವತೆಯ ಪೂಜಾರಿಯೂ ಆಗಿರುವ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂದೂ ಅವನು ಬರೆದು, ಇದು ಸರ್ಕಾರವು ಕಾಡಿನ ಮೇಲೆ ಹಕ್ಕು ಹೂಡದಂತೆ ಮಾಡಿದ ಉಪಾಯವಿರಬೇಕೆಂದು ತನ್ನ ಅಭಿಪ್ರಾಯವನ್ನೂ ಸೇರಿಸಿದ. ಅವನ ಊಹೆಯಲ್ಲಿ ಆಡಳಿತಗಾರನ ಅನುಮಾನವೇ ಹೆಚ್ಚಾಗಿ ಕಾಣುತ್ತದೆ. ಅಪ್ಪಣೆ ಕೇಳಬೇಕೆಂಬ ಕಟ್ಟಳೆ ಯಾವ ಕಾರಣಕ್ಕೆ ಹುಟ್ಟಿದ್ದರೂ, ಒಬ್ಬೊಬ್ಬರು ಕಾಡಿನಿಂದ ಎಷ್ಟು ತೆಗೆಯುತ್ತಾರೆಂಬುದು ಊರಿಗೆ ಗೊತ್ತಿರುವಂತೆ ಅದು ನೋಡಿಕೊಳ್ಳುತ್ತಿತ್ತು.

ಕೆನರಾ ಮೊದಲು ಮದ್ರಾಸ್ ಪ್ರಾಂತಕ್ಕೆ ಸೇರಿದ್ದು, 1862ರಲ್ಲಿ ಅದರ ಉತ್ತರಭಾಗ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. 1865 ಮತ್ತು 1878ರ ಅರಣ್ಯ ಕಾಯಿದೆಗಳು ಕಾಡನ್ನು ಸರ್ಕಾರದ ಸ್ವತ್ತನ್ನಾಗಿ ಮಾಡಿ, ಜನರ ರೂಢಿಯ ಬಳಕೆಯನ್ನು ಹಕ್ಕೆಂದು ಎಣಿಸದೆ ಸರ್ಕಾರ ದಯಪಾಲಿಸುವ ಸವಲತ್ತೆಂದು ಎಣಿಸತೊಡಗಿದಾಗ, ತೋಟಿಗರ ಸೊಪ್ಪಿನ ಪ್ರಶ್ನೆ ತೀವ್ರವಾಯಿತು. ಅಡಿಕೆ ತೋಟದಿಂದ ಬರುವ ಕಂದಾಯ ದೊಡ್ಡದಾಗಿದ್ದು, ಸೊಪ್ಪಿಲ್ಲದೆ ತೋಟವಿಲ್ಲವೆಂಬುದು ಕಂದಾಯದ ಅಧಿಕಾರಿಗಳಿಗೆ ತಿಳಿದಿದ್ದರಿಂದ, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ನೆಲೆಗೊಂಡಿತು. ನೆಲ ಸರ್ಕಾರದ್ದು, ಅದರ ಸೊಪ್ಪು, ದರಕು, ಹುಲ್ಲು, ಉರುವಲು ತೋಟಿಗನದು, ಬೆಲೆಬಾಳುವ ನಾಟದ ಮರ ಮತ್ತೆ ಸರ್ಕಾರದ್ದು. ದಕ್ಷಿಣ ಕನ್ನಡದಲ್ಲಿ ವರ್ಗದ, ಅಂದರೆ ಖಾತೆಯಲ್ಲಿ ದಾಖಲಾದ ಸಾಗುವಳಿಯ, ಭೂಮಿಯ ಸುತ್ತ ನೂರು ಗಜದವರೆಗಿನ ನೆಲವನ್ನು ಕುಮ್ಕಿ ಎಂದು, ಕೊಡಗಿನಲ್ಲಿ ಗದ್ದೆಗೆ ಹೊಂದಿದ ಕಾಡುನೆಲವನ್ನು ಬಾಣೆ ಎಂದು ಕರೆದು ಇಂಥದೇ ಬಳಕೆಗೆ ಬಿಟ್ಟಿದ್ದರು. ಒಂದಕ್ಕೆ ಒಂಬತ್ತು ಎಂಬ ಪ್ರಮಾಣ ಉದಾರವಾಗಿ ಕಂಡರೂ, ತೆಳುವಾದ ಮಣ್ಣಿನ ಇಳಿಜಾರಿನಿಂದ ವರ್ಷವರ್ಷವೂ ಸೊಪ್ಪು ತೆಗೆದು ಮರಗಳು ಸೊರಗದಂತೆ ಇರಿಸಬೇಕಾದರೆ ಸರದಿಯ ಮೇಲೆ ಬೆಟ್ಟದ ಒಂದು ಭಾಗಕ್ಕೆ ಬಿಡುವು ಕೊಡಲೇಬೇಕು, ಹಾಗೆ ಬಿಡುವು ಕೊಡಲು ನೆಲ ವಿಸ್ತಾರವಾಗಿರಲೇಬೇಕು.

ಅರಣ್ಯ ಇಲಾಖೆಯು ಈ ಸವಲತ್ತನ್ನು ಮೊದಲಿನಿಂದಲೂ ಅನುಮಾನದಿಂದ ಕಂಡದ್ದಕ್ಕೆ ಯುರೋಪಿನಲ್ಲಿಯೇ ಹಿನ್ನೆಲೆಯಿತ್ತು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರ್ದೇಶಕನಾದ ಡೀಟ್ರಿಚ್ ಬ್ರಾಂಡಿಸ್ ಜರ್ಮನಿಯವನು, ಇಲಾಖೆಯ ಚಿಂತನೆಯನ್ನು ರೂಪಿಸಿದ್ದೂ ಬಹುಮಟ್ಟಿಗೆ ಜರ್ಮನ್ ಅರಣ್ಯಶಾಸ್ತ್ರವೇ. ಜರ್ಮನಿಯ ಹಳ್ಳಿಗರು ಕೂಡ ಶತಮಾನಗಳ ಕಾಲ ಕಾಡಿನ ತರಗೆಲೆಯನ್ನು ಗುಡಿಸಿ ದನದ ಹಾಸಿಗೆಗೂ ಹೊಲದ ಗೊಬ್ಬರಕ್ಕೂ ಬಳಸುತ್ತಿದ್ದರು. ಅದರಿಂದ ಕಾಡಿನ ಮಣ್ಣು ಬಡವಾಗುತ್ತದೆಂದು ಅರಣ್ಯಾಧಿಕಾರಿಗಳೂ, ಅದಿಲ್ಲದೆ ಹೊಲ ಬಡವಾಗುತ್ತದೆಂದು ರೈತರೂ ವಾದಿಸುತ್ತಿದ್ದರು. 1876ರಲ್ಲಿ ಎರ್ನ್‌ಸ್ಟ್ ಎಬರ್‌ಮೈಯರ್ ಬವೇರಿಯದ ಕಾಡುಗಳಲ್ಲಿ ವರ್ಷಕ್ಕೆ ಉದುರುವ ಎಲೆಯ ತೂಕವನ್ನೂ ಅದರಲ್ಲಿರುವ ಖನಿಜಗಳನ್ನೂ ಅಳೆದು ಪ್ರಕಟಿಸಿದ ಗ್ರಂಥ ಈ ವಿವಾದದಿಂದಲೇ ಹುಟ್ಟಿದ್ದು, ಪೋಷಕಾಂಶಗಳ ಚಕ್ರದ ಅಧ್ಯಯನಕ್ಕೆ ಅದನ್ನು ಬುನಾದಿಯೆಂದು ಎಣಿಸಲಾಗುತ್ತದೆ. ಅಂದರೆ ಪರಿಸರ ವಿಜ್ಞಾನದ ಒಂದು ಮುಖ್ಯ ಶಾಖೆ, ಶಿರಸಿಯ ತೋಟಿಗನೂ ಅರಣ್ಯ ಗಾರ್ಡನೂ ಎದುರುಬದುರಾಗುತ್ತಿದ್ದ ಪ್ರಶ್ನೆಯಿಂದಲೇ ಬೇರೊಂದು ಖಂಡದಲ್ಲಿ ಕಣ್ಣು ತೆರೆಯಿತು.

ಎರಡೂ ಪಕ್ಷಗಳಲ್ಲಿ ಸತ್ಯವಿತ್ತು. ಮರವು ಎಲೆಯನ್ನು ಉದುರಿಸುವ ಮೊದಲು ಅದರಲ್ಲಿರುವ ಸಾರಜನಕ ಮತ್ತು ರಂಜಕದ, ಸಾಮಾನ್ಯವಾಗಿ ಅರ್ಧದ ಆಸುಪಾಸಿನಷ್ಟು ಪಾಲನ್ನು ಹಿಂದಕ್ಕೆ ಎಳೆದುಕೊಂಡು ಕೊಂಬೆ ಕಾಂಡಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ, ಮುಂದಿನ ಚಿಗುರಿಗೆ ಅದೇ ಬಂಡವಾಳ. ಹಸಿಸೊಪ್ಪನ್ನು ಸವರಿದಾಗ ಮರಕ್ಕೆ ಈ ಅವಕಾಶವೇ ಸಿಗುವುದಿಲ್ಲವಾದ್ದರಿಂದ, ಅದೇ ತೂಕದ ದರಕಿಗಿಂತ ಹಸಿಸೊಪ್ಪು ತೋಟಕ್ಕೆ ಹೆಚ್ಚು ಸತ್ವಯುತವೂ ಬೆಟ್ಟಕ್ಕೆ ಹೆಚ್ಚು ದುಬಾರಿಯೂ ಆಗುತ್ತದೆ. ತುದಿಯ ಕೊಂಬೆಗಳನ್ನು ಉಳಿಸಿ ಪಕ್ಕದವನ್ನು ಮಾತ್ರ ಸವರುವ, ಒಂದು ಮರವನ್ನು ಪ್ರತಿವರ್ಷ ಮುಟ್ಟದಿರುವ ಎಚ್ಚರಿಕೆಯ ಅರ್ಥ ಇದೇ. ಇನ್ನೊಂದೆಡೆ ದರಕು ಗುಡಿಸುವುದರಿಂದ ಮರಕ್ಕೆ ನೇರ ಗಾಯವಾಗದಿದ್ದರೂ ನೆಲದ ಹೊದಿಕೆ ಹೋಗುತ್ತದೆ: ಬರಿನೆಲದ ಮೇಲೆ ಮಳೆಹನಿ ನೇರವಾಗಿ ಬಡಿದು ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವ ಬದಲು ಹರಿದು ಹೋಗುತ್ತದೆ, ಬಿದ್ದ ಬೀಜಕ್ಕೆ ಮೊಳೆಯಲು ತೇವ ಸಿಗುವುದಿಲ್ಲ. ಇಂಥ ಬೆಟ್ಟಗಳಲ್ಲಿ ದೊಡ್ಡ ಮರಗಳು ನಿಂತೇ ಇದ್ದು ಅವುಗಳ ಕೆಳಗೆ ಸಸಿಗಳೇ ಇಲ್ಲದಿರುವುದು ನೋಡಸಿಗುತ್ತದೆ. ಆ ಮರಗಳಿಗೆ ವಯಸ್ಸಾದಾಗ ಬೆಟ್ಟ ಒಮ್ಮೆಗೇ ಬೋಳಾಗುತ್ತದೆ.

ಆದರೆ ಅರಣ್ಯ ಇಲಾಖೆ ತನ್ನ ಕೈಯಲ್ಲಿದ್ದ ಕಾಡಿನಲ್ಲಿ ಇದೇ ವಿವೇಕವನ್ನು ತೋರಲಿಲ್ಲ. ಸೊಪ್ಪು ಕಡಿಯುವುದನ್ನು ಹಾನಿಯೆಂದ ಅದು ಇಡೀ ಇಳಿಜಾರುಗಳನ್ನು ಬೋಳಿಸಿ ತೇಗ ನೆಟ್ಟಿತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನಲ್ಲಿ 1965-66ರ ಚಳಿಗಾಲದಲ್ಲಿ ವಿಜ್ಞಾನಿಗಳು ಒಂದು ಜಲಾನಯನದ ಮರಗಳನ್ನೆಲ್ಲ ಉರುಳಿಸಿ, ನಾಟವನ್ನು ಅಲ್ಲಿಯೇ ಬಿಟ್ಟು, ಹೊಸ ಚಿಗುರು ಬಾರದಂತೆ ತಡೆದು ಹಳ್ಳದ ನೀರನ್ನು ಅಳೆದಾಗ, ನೈಟ್ರೇಟ್ ಹಲವು ಪಟ್ಟು ಹೆಚ್ಚಾಗಿ ಹರಿದುಹೋಗುತ್ತಿರುವುದು ಕಂಡುಬಂತು. ಮರಗಳ ಬೇರು ಇಲ್ಲವಾದರೆ ಕೊಳೆತ ಎಲೆಯ ಸಾರವನ್ನು ಹಿಡಿಯುವವರು ಯಾರೂ ಇರುವುದಿಲ್ಲ. ಇಷ್ಟನ್ನು ತಿಳಿದು ನೋಡಿದರೆ, ಮರವನ್ನು ಜೀವಂತವಾಗಿರಿಸಿ ಎಲೆಯನ್ನು ಮಾತ್ರ ತೆಗೆಯುವ ಸೊಪ್ಪಿನ ಬೆಟ್ಟವು, ಅದರ ಎಲ್ಲ ದೋಷಗಳೊಡನೆಯೂ, ಬೋಳುಕಡಿತಕ್ಕಿಂತ ಎಷ್ಟೋ ಮೇಲಾದುದು.

ಈ ಸವಲತ್ತು ಎಲ್ಲರಿಗೂ ಸಮನಾಗಿ ದೊರೆತದ್ದಲ್ಲವೆಂಬುದನ್ನು ಮರೆಯಬಾರದು. ಬೆಟ್ಟವು ತೋಟಕ್ಕೆ ಅಂಟಿಕೊಂಡಿದ್ದುದರಿಂದ ತೋಟವಿಲ್ಲದವನಿಗೆ ಬೆಟ್ಟವೂ ಇರಲಿಲ್ಲ. ಬೆಟ್ಟವನ್ನು ಹತ್ತಿ ಸೊಪ್ಪು ಸವರುತ್ತಿದ್ದ, ಹೊರೆ ಹೊತ್ತು ಇಳಿಸುತ್ತಿದ್ದ, ಕೊಟ್ಟಿಗೆಯ ಗೊಬ್ಬರವನ್ನು ತೋಟಕ್ಕೆ ಸಾಗಿಸುತ್ತಿದ್ದ ಕೆಲಸದವರಲ್ಲಿ ಬಹಳ ಮಂದಿಗೆ ಒಂದು ಹೊರೆ ಉರುವಲಿಗೂ ಸ್ವಂತ ನೆಲೆಯಿರಲಿಲ್ಲ. ಗುಡ್ಡದ ತುಂಡೊಂದನ್ನು ಕಡಿದು ಸುಟ್ಟು, ಬೂದಿಯ ಸಾರದಲ್ಲಿ ಒಂದೆರಡು ವರ್ಷ ರಾಗಿ ಮೊದಲಾದುವನ್ನು ಬೆಳೆದು ಮತ್ತೆ ಕಾಡಿಗೆ ಬಿಡುತ್ತಿದ್ದ ಕುಮರಿ ಬೇಸಾಯವನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿಯೇ ಸರ್ಕಾರ ಹತ್ತಿಕ್ಕಿತು. ಕುಮರಿಯೂ ಮರದಲ್ಲಿ ಕೂಡಿದ ಪೋಷಕಾಂಶವನ್ನು ಬೆಳೆಗೆ ತಿರುಗಿಸಿಕೊಳ್ಳುವ ಕ್ರಮವೇ, ಬಿಡುವು ಸಾಕಷ್ಟು ದೀರ್ಘವಾಗಿದ್ದಾಗ ಕಾಡು ಹಿಂದಿರುಗುತ್ತಿದ್ದ ಕ್ರಮವೇ. ಕಂದಾಯ ತರುವ ತೋಟಕ್ಕೆ ಒಂಬತ್ತು ಎಕರೆ, ಕಂದಾಯ ತರದ ಕುಮರಿಗೆ ನಿಷೇಧ ಎಂಬ ಈ ತೀರ್ಮಾನದಲ್ಲಿ ಪರಿಸರದ ವಿಚಾರಕ್ಕಿಂತ ಬೊಕ್ಕಸದ ವಿಚಾರ ದೊಡ್ಡದಾಗಿತ್ತು. 1930ರಲ್ಲಿ ಉತ್ತರ ಕನ್ನಡದಲ್ಲಿ ನಡೆದ ಅರಣ್ಯ ಸತ್ಯಾಗ್ರಹಕ್ಕೆ ಜನ ಮುಂದಾದುದರ ಹಿಂದೆ ಕಾಡಿನ ಬಳಕೆಯ ಮೇಲೆ ಬಿದ್ದ ಇಂಥ ಕಟ್ಟುಗಳ ನೆನಪೂ ಇತ್ತು.

ತೋಟವೂ ನಿರ್ದೋಷಿಯಲ್ಲ. ಕಣಿವೆಯ ತಳದಲ್ಲಿ ವರ್ಷವಿಡೀ ನೀರು ನಿಲ್ಲುವ ಜೌಗಿನಲ್ಲಿ, ಕೆಸರಿನಿಂದ ಮೇಲಕ್ಕೆ ಮಂಡಿಯಂತೆ ಬಾಗಿ ಎದ್ದು ಉಸಿರಾಡುವ ಬೇರುಗಳನ್ನುಳ್ಳ, ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳ ಅತಿ ಪ್ರಾಚೀನವಾದ ಕಾಡೊಂದಿರುತ್ತದೆ. ಇದನ್ನು ಮಿರಿಸ್ಟಿಕ ಜೌಗು ಎನ್ನುತ್ತಾರೆ. ಅಡಿಕೆಗೆ ಬೇಕಾದುದೂ ಇದೇ ಬಗೆಯ ತಂಪು ತಳವಾದ್ದರಿಂದ ಇಂಥ ಅನೇಕ ಜೌಗುಗಳು ಬಸಿಗಾಲುವೆ ತೆಗೆಸಿಕೊಂಡು ತೋಟಗಳಾದವು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಉಳಿದ ಜೌಗಿನಿಂದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೊಸ ಮರಜಾತಿಯನ್ನು 2000ದಷ್ಟು ಈಚೆಗೆ ಗುರುತಿಸಲಾಯಿತೆಂದರೆ, ಹೆಸರು ಪಡೆಯುವ ಮೊದಲೇ ಅಳಿದುಹೋದುವೆಷ್ಟೋ ಎಂಬ ಯೋಚನೆ ನೋವು ತರುವಂಥದು. ಜೌಗನ್ನು ಕಳೆದುಕೊಂಡ ತೋಟಿಗರೇ ಹಳ್ಳದ ತಲೆಯ ಕಾನನ್ನು ಮಾತ್ರ ಉಳಿಸಿಕೊಂಡರು, ಏಕೆಂದರೆ ಮಳೆಗಾಲದ ನೀರನ್ನು ಇಂಗಿಸಿಕೊಂಡು ಬೇಸಗೆಯವರೆಗೆ ಹಳ್ಳಕ್ಕೆ ಹನಿಹನಿಯಾಗಿ ಬಿಡುತ್ತಿದ್ದುದು ಕಾನಿನ ನೆಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇನ್ನೊಬ್ಬ ಅಧಿಕಾರಿ ಸೊರಬದ ಕಾನುಗಳ ಕುರಿತು ವರದಿ ಬರೆದಾಗ, ಮೆಣಸಿನ ಬಳ್ಳಿಗಳಿಂದ ಕೂಡಿದ ಈ ಕಾನುಗಳು ಊರಿನವರ ಬಳಕೆಯಲ್ಲಿಯೇ ಉಳಿದುಬಂದಿದ್ದವು.

ಇಪ್ಪತ್ತನೆಯ ಶತಮಾನದಲ್ಲಿ ತೋಟ ಮತ್ತು ಬೆಟ್ಟದ ನಂಟು ಎಳೆ ಎಳೆಯಾಗಿ ಸಡಿಲವಾಯಿತು. ಅಡಿಕೆಗೆ ತಗಲುವ ಕೊಳೆರೋಗವನ್ನು ತಡೆಯಲು ಬೇಣದ ಕರಡದಿಂದ, ಅಂದರೆ ಒಣಹುಲ್ಲಿನಿಂದ, ಕೊಟ್ಟೆ ಹೆಣೆದು ಗೊನೆಗೆ ಕಟ್ಟುವುದು ಹಿಂದಿನ ಕ್ರಮ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗದ ಕಾರಣ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯೆಂದು ತೋರಿಸಿದ ಮೇಲೆ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣ ಕ್ರಮೇಣ ರೂಢಿಗೆ ಬಂತು, ಕರಡದ ಅಗತ್ಯ ಕುಗ್ಗಿತು. ರಾಸಾಯನಿಕ ಗೊಬ್ಬರ ಬಂದು ಹಸಿಸೊಪ್ಪಿನ ಅಗತ್ಯ ಕುಗ್ಗಿತು; ಅಡುಗೆ ಅನಿಲ ಬಂದು ಉರುವಲಿನ ಅಗತ್ಯ ಕುಗ್ಗಿತು; ಕೊಟ್ಟಿಗೆಯಲ್ಲಿ ದನಗಳು ಕಡಿಮೆಯಾದವು, ಸೊಪ್ಪು ಸವರುವ ಕೈಗಳೂ ಕಡಿಮೆಯಾದವು. ಚೀಲದಲ್ಲಿ ಬರುವ ಗೊಬ್ಬರ ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನು ಒದಗಿಸಿದರೂ ಮಣ್ಣಿಗೆ ಜೀವಾಂಶವನ್ನು ಒದಗಿಸುವುದಿಲ್ಲ. ಜೀವಾಂಶ ಕರಗಿದ ಮಣ್ಣಿನಲ್ಲಿ ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇನ್ನಷ್ಟು ಕುಂದಿ, ಹಾಕಿದ ಗೊಬ್ಬರದ ಪಾಲು ಮಳೆಯೊಡನೆ ಹಳ್ಳ ಸೇರುತ್ತದೆ.

ಬಿಡುವು ಪಡೆದ ಬೆಟ್ಟಗಳು ಎಲ್ಲೆಡೆಯೂ ಒಂದೇ ಹಾದಿ ಹಿಡಿದಿಲ್ಲ. ನೆಲ ಬೋಳಾದ ಮೇಲೆ ಮೊದಲು ಬಿಸಿಲು ಬಯಸುವ ಗಿಡಗಳೂ, ಅವುಗಳ ನೆರಳಿನಲ್ಲಿ ನೆರಳು ಬಯಸುವ ಮರಗಳೂ ಒಂದರ ನಂತರ ಒಂದು ಬಂದು ನೆಲೆಸುವುದನ್ನು ಅನುಕ್ರಮಣ ಎಂದು ಕರೆಯುತ್ತಾರೆ. ಕಾನು ಹತ್ತಿರವಿದ್ದು, ಹಕ್ಕಿಗಳೂ ಬಾವಲಿಗಳೂ ಕಬ್ಬೆಕ್ಕುಗಳೂ ಬೀಜ ತಂದು ಬಿಡುವಂತಿದ್ದು, ಮೇಲ್ಮಣ್ಣು ಉಳಿದಿದ್ದ ಬೆಟ್ಟಗಳಲ್ಲಿ ಈ ಕ್ರಮ ಆರಂಭವಾಗಿ ಮತ್ತಿ ಕಿಂದಳಗಳ ಕೆಳಗೆ ನಿತ್ಯಹಸಿರಿನ ಸಸಿಗಳು ಏಳುತ್ತವೆ. ಜಂಬಿಟ್ಟಿಗೆ ಮೇಲೆದ್ದು ಗಟ್ಟಿಯಾದ ಕಡೆಗಳಲ್ಲಿ ಲಂಟಾನ, ಯುಪಟೋರಿಯಂಗಳೆಂಬ ಹೊರನಾಡಿನ ಕಳೆಗಳು ಕವಿದುಕೊಂಡು, ಬೇಸಗೆಯ ಬೆಂಕಿಗೆ ಮೇವಾಗಿ, ಸಸಿ ಏಳುವ ಸರದಿಯನ್ನೇ ತಡೆದಿವೆ. ಇನ್ನು ಕೆಲವು ಬೆಟ್ಟಗಳು ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ಕೆಳಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಯಲ್ಪಟ್ಟು, ಕೊಳವೆಬಾವಿಯ ನೀರಿನಲ್ಲಿ ತಾವೇ ತೋಟಗಳಾಗಿವೆ. ಇಂಥ ಹೊಸ ತೋಟಗಳಿಗೆ ಸೊಪ್ಪು ಕೊಡಬಲ್ಲ ಇನ್ನೊಂದು ಇಳಿಜಾರು ಅವುಗಳ ಮೇಲೆ ಉಳಿದಿಲ್ಲ.